ಒಂದು ಲೋಟ ಬೋಟಿನ ನೀರು

ಇವತ್ತು ಬೆಳಿಗ್ಗೆ ಪ್ರಮೀಳ ಹಿತ್ತಲ ಮೆಟ್ಟಿಲಿನ ಮೇಲೆ ಕುಳಿತು, ಗೇಣುದ್ದದ ನನ್ನನ್ನು ಚೂರಿಯಿಂದ ಉದ್ದಕ್ಕೆ ಸೀಳಿದಳು. ಹಾಲಿನ ಸ್ಟೀಲ್ ಕ್ಯಾನಿನ ತಂತಿಯ ಹಿಡಿಗೆ ನನ್ನನ್ನು ತೊಡಿಸಿ, ಬಲೆ ಹೆಣೆಯುವ ದಾರದಿಂದ ಎರಡೂ ಕಡೆ ಬಿಗಿದು ಕಟ್ಟಿದಳು. ಎತ್ತಿ ನೋಡಿದಳು. ತಂತಿ ಈಗ ಬೆರಳಿಗೆ ಒತ್ತುವುದಿಲ್ಲ. ಜಗಲಿಯಲ್ಲಿ ಅವಳ ಅಪ್ಪ ಹೆರಿಯಣ್ಣ ಕೆಮ್ಮಿದರು.

ನಾನು ಒಂದು ನೀರಿನ ಪೈಪು. ನನ್ನೊಳಗೆ ನೀರು ಹರಿಯದೆ ಬಹಳ ಕಾಲವಾಯಿತು. ಆದರೂ ನನಗೆ ಬೇರೆ ಹೆಸರು ಗೊತ್ತಿಲ್ಲ.

ನಾನು ಹುಟ್ಟಿದ್ದು ಕಡಲಿನಿಂದ ಬಹಳ ದೂರದ ಕಾರ್ಖಾನೆಯಲ್ಲಿ. ಮೊದಲು ಸಬ್ಬಕ್ಕಿಯಂಥ ಬಿಳಿ ಕಾಳಾಗಿದ್ದೆ. ಕಾಳನ್ನು ಕರಗಿಸಿ, ಒಂದು ಬಳೆಯೊಳಗಿಂದ ತಳ್ಳಿ, ಮೈಸುತ್ತ ದಾರದ ಜಾಲ ನೇಯ್ದು, ಮೇಲೊಂದು ಪದರ ಹೊದಿಸಿದರು. ಬೆನ್ನಿನುದ್ದಕ್ಕೂ ನೀಲಿ ಗೆರೆ ಎಳೆದರು. ಆಗ ನನಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಬರುತ್ತಲೇ ಇದ್ದೆ. ಒಂದು ಕತ್ತಿ ಬಿದ್ದಾಗ ಮಾತ್ರ ನಾನು ಎಲ್ಲಿ ಮುಗಿಯುತ್ತೇನೆ ಎಂದು ತಿಳಿಯಿತು.

ಲಾರಿಯಲ್ಲಿ ಘಟ್ಟ ಇಳಿದು ಕುಂದಾಪುರದ ಕಡೆಯ ಒಂದು ಬಂದರಿಗೆ ಬಂದೆ. ವಾಮನ ಪೈಗಳ ಅಂಗಡಿಯಲ್ಲಿ ಹಗ್ಗ, ಲಂಗರು, ಬಣ್ಣದ ಡಬ್ಬಗಳ ನಡುವೆ ನನ್ನನ್ನು ತೂಗುಹಾಕಿದರು. ಪಕ್ಕದಲ್ಲಿ ಹಸಿರು ಪೈಪುಗಳಿದ್ದವು, ಕಪ್ಪು ಪೈಪುಗಳಿದ್ದವು. ಅವು ಮಿರಮಿರ ಮಿಂಚುತ್ತಿದ್ದವು. ಬಂದವರೆಲ್ಲ ಅವನ್ನೇ ಮುಟ್ಟುತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಮೈಯಲ್ಲಿ ಅಂಗಡಿಯ ಧೂಳು ಅಂಟಿಕೊಂಡಿತು.

ಮೀನುಗಾರಿಕೆ ಮತ್ತೆ ಶುರುವಾಗುವ ಆಗಸ್ಟಿನಲ್ಲಿ ಒಂದು ದಿನ ಪ್ರಮೀಳ ಬಂದಳು. ತೆಳ್ಳಗಿನ ಹುಡುಗಿ. ಅಂಗಡಿಯ ಹೊಸಿಲ ಹೊರಗೇ ನಿಂತಿದ್ದಳು, ಬೇರೆ ಗಿರಾಕಿಗಳು ಹೋಗುವ ತನಕ.

"ಎಂತ ಬೇಕಿತ್ ಹೆಣ್ಣೆ?" ಎಂದರು ಪೈಗಳು.

"ಬೋಟಿನ್ ಟಾಂಕಿಗೆ ಕುಡು ನೀರ್ ಬಿಡು ಪೈಪ್."

ಪೈಗಳು ಹಸಿರು ಸುರುಳಿಯನ್ನು ಇಳಿಸಿದರು. ಅವಳು ಅದರ ಬಾಯಿಯನ್ನು ಮೂಗಿನ ಹತ್ತಿರ ಹಿಡಿದಳು. ತಲೆ ಅಲ್ಲಾಡಿಸಿದಳು. ಕಪ್ಪನ್ನು ಮೂಸಿದಳು. ಆಮೇಲೆ ಬೆರಳು ತೋರಿಸಿ ನನ್ನನ್ನೂ ಇಳಿಸಲು ಹೇಳಿದಳು.

"ಎಲ್ಲದ್ರದ್ದೂ ಒಂದೊಂದ್ ತುಂಡ್ ಕೊಡಿ. ನಾಳೆ ಹೇಳ್ತೆ."

"ಅದ್ರಗೆ ಬಿಡುದ್ ನೀರಾ, ಪಾಯಸವಾ?" ಪೈಗಳು ನಕ್ಕರು. "ಎಲ್ಲಾ ಪೈಪಗೂ ಬಪ್ಪುದ್ ನೀರೇ ಮಾರಾಯ್ತಿ."

ಅವಳು ನಗಲಿಲ್ಲ, ಹೋಗಲೂ ಇಲ್ಲ. ನಿಂತೇ ಇದ್ದಳು. ಕೊನೆಗೆ ಪೈಗಳೇ ಗೊಣಗುತ್ತ ಕತ್ತಿ ತೆಗೆದುಕೊಂಡರು.

ನನ್ನಿಂದ ಕತ್ತರಿಸಿದ ಮೊದಲ ತುಂಡು ಅದು. ಅವಳು ಮೂರೂ ತುಂಡುಗಳಲ್ಲಿ ಬಾವಿಯ ನೀರು ತುಂಬಿ, ಬಾಯಿಗಳನ್ನು ಮೇಲಕ್ಕೆತ್ತಿ ಕಟ್ಟಿ, ಹಂಚಿನ ಮೇಲೆ ಬಿಸಿಲಿಗೆ ಇಟ್ಟಳು. ಸಂಜೆ ಮೂರು ಲೋಟಗಳಿಗೆ ಬಗ್ಗಿಸಿ ಅಪ್ಪನ ಮುಂದೆ ತಂದಿಟ್ಟಳು. ಯಾವುದು ಯಾವುದರದೆಂದು ಹೇಳಲಿಲ್ಲ.

ಹೆರಿಯಣ್ಣ 'ಬೊಬ್ಬರ್ಯ ಪ್ರಸಾದ' ಎಂಬ ಬೋಟಿನ ಒಡೆಯರು. ಅದರ ತಾಂಡೇಲರೂ ಅವರೇ. ಚುಕ್ಕಾಣಿ ಹಿಡಿದು ಬೋಟು ನಡೆಸುವವರನ್ನು ಇಲ್ಲಿ ತಾಂಡೇಲ ಎನ್ನುತ್ತಾರೆ. ಹಿಂದಿನ ವರ್ಷ ಅವರಿಗೆ ಮೂತ್ರದ ಕಲ್ಲಿನ ನೋವು ಬಂದಿತ್ತು. ಸರಿಯಾಗಿ ನೀರು ಕುಡಿಯಬೇಕು, ಇಲ್ಲವಾದರೆ ಕಡಲನ್ನು ಮರೆತುಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಕುಡಿಯುತ್ತಿದ್ದರು. ಬೋಟಿನಲ್ಲಿ ಆಗುತ್ತಿರಲಿಲ್ಲ. ಟಾಂಕಿಯ ನೀರು ಎರಡನೆಯ ದಿನಕ್ಕೇ ಪೈಪಿನ ನಾತ ಹೊಡೆಯುತ್ತಿತ್ತು. ಬೋಟಿನವರೆಲ್ಲ ಅದನ್ನು ಚಹಾದಲ್ಲಿ ಮುಚ್ಚಿಕೊಂಡು ಕುಡಿಯುತ್ತಿದ್ದರು. ಹೆರಿಯಣ್ಣನಿಗೆ ಚಹಾ ಕೂಡದು. ಕಡಲು ಬಿಡುವುದಂತೂ ಅವರ ಕೈಯಲ್ಲಿ ಸಾಧ್ಯವೇ ಇರಲಿಲ್ಲ.

ಅವರು ಮೊದಲ ಲೋಟಕ್ಕೆ ತುಟಿ ಹಚ್ಚಿ ಸರಿಸಿದರು. "ಇದ್ ಟಯರ್ ನೆಕ್ಕಿದಂಗೆ ಆತ್ತ್." ಎರಡನೆಯದಕ್ಕೆ ಮುಖ ಕಿವಿಚಿದರು. "ಸೋಪ್." ಮೂರನೆಯದನ್ನು ಪೂರ್ತಿ ಕುಡಿದು ಲೋಟವನ್ನು ಬಗ್ಗಿ ನೋಡಿದರು.

"ಇದ್ರಗೆ ಎಂತದೂ ಇಲ್ಲೆ ಮಗಾ. ಬರೀ ನೀರ್."

"ಅದೇ ಬೇಕಾದ್ದ್ ಅಪ್ಪಯ್ಯ."

ನನಗೆ ಸಿಕ್ಕಿದ ಹೊಗಳಿಕೆ ಅದೊಂದೇ. ನನ್ನಲ್ಲಿ ಎಂತದೂ ಇಲ್ಲ. ಬಂದದ್ದನ್ನು ಬಂದ ಹಾಗೆಯೇ ಆಚೆಗೆ ದಾಟಿಸುತ್ತೇನೆ, ನನ್ನದೇನನ್ನೂ ಸೇರಿಸುವುದಿಲ್ಲ. ಅದನ್ನೂ ಒಬ್ಬರು ಹುಡುಕಿಕೊಂಡು ಬರುತ್ತಾರೆ ಎಂದು ಅಂಗಡಿಯ ಧೂಳಿನಲ್ಲಿ ನನಗೆ ಗೊತ್ತಿರಲಿಲ್ಲ.

ಅಂದಿನಿಂದ, ಬೋಟುಗಳು ಬಂದು ತಂಗುವ ಧಕ್ಕೆಯ ನಲ್ಲಿಯಿಂದ ಬೋಟಿನ ಟಾಂಕಿಯವರೆಗೆ ನನ್ನ ಲೋಕ. ಬೋಟು ಹೊರಡುವ ದಿನ ಪ್ರಮೀಳ ನನ್ನನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಮೊದಲು ಸ್ವಲ್ಪ ನೀರನ್ನು ಹೊರಗೆ ಚೆಲ್ಲಿ ನನ್ನ ಗಂಟಲು ತೊಳೆಯುವಳು. ಅಂಗೈಯಿಂದ ನನ್ನ ಬಾಯಿ ಉಜ್ಜುವಳು. ಆಮೇಲೆಯೇ ಟಾಂಕಿಗೆ. ಮೀನಿನ ಲೋಳೆ ಹರಡಿದ ಧಕ್ಕೆಯ ನೆಲಕ್ಕೆ ನನ್ನ ಬಾಯಿ ಒಂದು ದಿನವೂ ತಾಗಲಿಲ್ಲ. ಕೆಲಸ ಮುಗಿದ ಮೇಲೆ ಎರಡೂ ತುದಿ ಕೆಳಗಾಗುವಂತೆ ಮೊಳೆಗೆ ತೂಗುಹಾಕಿ, ಬಾಯಿಗೆ ಬಟ್ಟೆ ಕಟ್ಟುವಳು.

ಪಕ್ಕದ ಬೋಟಿನ ತಾಂಡೇಲ ಸದಿಯಣ್ಣನಿಗೆ ಇದು ದೊಡ್ಡ ತಮಾಷೆ. "ಹ್ವಾಯ್ ಹೆರಿಯಣ್ಣ, ನಿನ್ ಮಗ್ಳ್ ಪೈಪಿಗೆ ಮೊಕ ತೊಳ್ಸಿ ಆಯ್ತ್. ಇನ್ನ್ ಪೌಡರ್ ಹಾಕಿ ಜಡೆ ಹೆಣುದೊಂದ್ ಬಾಕಿ ಕಾಣ್!"

"ನಿನ್ ಬೋಟಿನ್ ನೀರಿಗಿಂತ ಅವ್ಳ್ ಕಾಲ್ ತೊಳ್ದ್ ನೀರ್ ರುಚಿ ಇತ್ತ್ ಮಾರಾಯ," ಎನ್ನುವರು ಹೆರಿಯಣ್ಣ. ಪ್ರಮೀಳ ತಲೆ ತಗ್ಗಿಸಿ ನನ್ನನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುವಳು.

ಬೋಟು ಹೊರಟಾಗ ನಾನು ಟಾಂಕಿಯಿಂದ ಹೊರಬರುತ್ತಿದ್ದೆ. ನನ್ನೊಳಗಿಂದ ಹೋದ ನೀರು ಬೋಟಿನ ಹೊಟ್ಟೆಯಲ್ಲಿ ಕುಳಿತು, ಹೊಳೆ ಕಡಲು ಸೇರುವ ಅಳಿವೆ ದಾಟುತ್ತಿತ್ತು. ನಾನೂ ಪ್ರಮೀಳನೂ ಧಕ್ಕೆಯಲ್ಲಿ ಉಳಿಯುತ್ತಿದ್ದೆವು. ಬೋಟಿನ ಹಿಂದಿನ ಬಾವುಟ ಕಾಣದಾಗುವ ತನಕ ಅವಳು ನನ್ನನ್ನು ಸುತ್ತುತ್ತಿರಲಿಲ್ಲ.

ಬೋಟು ತಿರುಗಿ ಬಂದ ದಿನ ಮೀನು ಇಳಿಸುವ ಗದ್ದಲದ ನಡುವೆಯೇ ಹೆರಿಯಣ್ಣ ಟಾಂಕಿಯಿಂದ ಒಂದು ಲೋಟ ನೀರು ಹಿಡಿದು ಧಕ್ಕೆಗೆ ಇಳಿಯುತ್ತಿದ್ದರು. ಮಗಳ ಕೈಗೆ ಕೊಟ್ಟು "ಕಾಣ್" ಎನ್ನುತ್ತಿದ್ದರು, ಅಷ್ಟೇ. ಅವಳು ಕಣ್ಣು ಮುಚ್ಚಿ, ನಿಧಾನವಾಗಿ, ಕೊನೆಯ ಹನಿಯವರೆಗೂ ಕುಡಿಯುತ್ತಿದ್ದಳು. ಎಂತದೂ ಇರುತ್ತಿರಲಿಲ್ಲ. ಬರೀ ನೀರು.

ಒಮ್ಮೆ ಕೇಳಿದಳು, "ಅಪ್ಪಯ್ಯ, ಈ ನೀರ್ ಎಲ್ಲಿವರಿಗೆ ಹ್ವಾಯಿ ಬಂತ್?"

"ದೂರ ಮಗಾ. ನೀರ್ ಕಪ್ಪಾತ್ತಲೆ, ಅಲ್ಲಿವರಿಗೆ. ಅಲ್ಲಿ ಕರೆಯೇ ಕಾಂತಿಲ್ಲೆ."

"ಕರೆ ಕಾಣ್ದೆ ಇಪ್ಪುದ್ ಹ್ಯಾಂಗಿರತ್ತ್?"

ದಡವೇ ಕಾಣದಿರುವುದು ಹೇಗಿರುತ್ತದೆಂದು ಹೆರಿಯಣ್ಣ ಯೋಚಿಸಿದರು. ಅಷ್ಟರಲ್ಲಿ ಯಾರೋ ಮಂಜುಗಡ್ಡೆಗೆ ಕೂಗಿದರು, ಅವರು ಹೋದರು. ಪ್ರಮೀಳ ಖಾಲಿ ಲೋಟದ ತಳವನ್ನೇ ನೋಡುತ್ತ ನಿಂತಳು. ನನಗೂ ಆ ಉತ್ತರ ಬೇಕಿತ್ತು.

ಅಳಿವೆಯಾಚೆಯ ಕಡಲನ್ನು ನಾನು ಕಂಡದ್ದು ಒಂದೇ ಸಲ.

ಗಾಳಿ ತಿರುಗಿದ್ದ ಒಂದು ಮಧ್ಯಾಹ್ನ. ಬೊಬ್ಬರ್ಯ ಪ್ರಸಾದ ಬರಬೇಕಿತ್ತು. ಪ್ರಮೀಳ ನನ್ನನ್ನು ತೊಳೆದು ಕಾಯುತ್ತಿದ್ದಳು. ಸದಿಯಣ್ಣ ಓಡುತ್ತ ಬಂದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ನಿನ್ ಅಪ್ಪನ್ ಬೋಟ್ ಅಳಿವೆ ಹೊರ್ಗ್ ನಿಂತಿತ್. ಎದುರ್ ಗಾಳಿಗೆ ಡೀಸೆಲ್ ಪೂರಾ ಖಾಲಿ. ಲಂಗರ್ ಹಿಡಿತಿಲ್ಲೆ, ಮರಳ್ ದಿಣ್ಣೆಗೆ ಎಳಿತಾ ಇತ್ತ್. ಕ್ಯಾನ್ ಎತ್ತಿ ಕೊಡುಕಾತಿಲ್ಲೆ, ಒಂದ್ ಸಮುದ್ರಕ್ಕೇ ಬಿತ್ತ್." ಅವರ ಕಣ್ಣು ನನ್ನ ಮೇಲೆ ನಿಂತಿತು. "ಆ ಪೈಪ್ ಕೊಡ್."

"ಅದ್ ಕುಡು ನೀರಿಂದ್ ಸದಿಯಣ್ಣ."

"ಗೊತ್ತಿತ್ ಮಗಾ. ಅಷ್ಟ್ ಉದ್ದದ್ದ್ ಬೇರೆ ಇಲ್ಲೆ."

ಪ್ರಮೀಳ ಅಳಿವೆಯ ಕಡೆ ನೋಡಿದಳು. ಆಮೇಲೆ ನನ್ನ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ತಾನೇ ಬಿಚ್ಚಿ, ಸುರುಳಿಯನ್ನು ಅವರ ಹೆಗಲಿಗೆ ಹಾಕಿದಳು. ಬಟ್ಟೆ ಅವಳ ಮುಷ್ಟಿಯಲ್ಲೇ ಉಳಿಯಿತು.

ಸದಿಯಣ್ಣನ ಬೋಟಿನಲ್ಲಿ ನಾನು ಅಳಿವೆ ದಾಟಿದೆ. ಅಲೆಗಳು ಬೋಟನ್ನು ಎತ್ತಿ ಎತ್ತಿ ಹಾಕುತ್ತಿದ್ದವು. ಧಕ್ಕೆ ಸಣ್ಣದಾಯಿತು, ಅದರ ತುದಿಯಲ್ಲಿ ಪ್ರಮೀಳ ಒಂದು ಚುಕ್ಕೆಯಾದಳು. ನನ್ನ ಒಂದು ತುದಿಯನ್ನು ಡ್ರಮ್ಮಿನ ಕೈಪಂಪಿಗೆ ಕಟ್ಟಿ, ಇನ್ನೊಂದನ್ನು ಹಗ್ಗದೊಡನೆ ಬೊಬ್ಬರ್ಯ ಪ್ರಸಾದಕ್ಕೆ ಎಸೆದರು. ಹೆರಿಯಣ್ಣ ಹಿಡಿದುಕೊಂಡರು. ಹಿಡಿದದ್ದು ನನ್ನನ್ನು ಎಂದು ತಿಳಿದು ಅವರು ಧಕ್ಕೆಯ ಕಡೆ ನೋಡಿದರು, ಆಮೇಲೆ ನನ್ನ ಬಾಯಿಯನ್ನು ಡೀಸೆಲ್ ಟಾಂಕಿಗೆ ಇಳಿಸಿದರು. ಪಂಪು ತಿರುಗಿತು. ನನ್ನ ಗಂಟಲಿಗೆ ಡೀಸೆಲ್ ನುಗ್ಗಿತು. ನಾನು ಎರಡು ಬೋಟುಗಳ ನಡುವೆ ಅಲೆಗಳ ಮೇಲೆ ತೂಗುತ್ತಿದ್ದೆ. ನನ್ನ ಕೆಳಗೆ ಕೊನೆಯಿಲ್ಲದ ನೀರು. ಒಳಗೆ ಮಾತ್ರ ನೀರಿರಲಿಲ್ಲ.

ಬೋಟು ಉಳಿಯಿತು. ಎಲ್ಲರೂ ಧಕ್ಕೆಗೆ ಬಂದರು. ಹೆರಿಯಣ್ಣ ಎಂದಿನಂತೆ ಟಾಂಕಿಯಿಂದ ಲೋಟ ತುಂಬಿಕೊಂಡು ಇಳಿದರು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. "ಕಾಣ್" ಎಂದರು. ಅವಳು ಕುಡಿದಳು. ಆಮೇಲೆ ಅಳುತ್ತ ನಕ್ಕಳು.

ಮರುದಿನ ನನ್ನನ್ನು ಸೋಪಿನಿಂದ ತೊಳೆದಳು. ಬೂದಿ ಹಾಕಿ ತೊಳೆದಳು. ಬಿಸಿಲಿಗಿಟ್ಟಳು. ಮತ್ತೆ ತೊಳೆದಳು. ಕೊನೆಗೆ ನಲ್ಲಿಗೆ ಜೋಡಿಸಿ, ಬೊಗಸೆ ಒಡ್ಡಿ ಕುಡಿದಳು. ಡೀಸೆಲ್ಲಿನ ನಾತ ಇನ್ನೂ ಇತ್ತು. ಮುಖ ಕಿವಿಚಲಿಲ್ಲ, ಉಗುಳಲೂ ಇಲ್ಲ. ನುಂಗಿದಳು. ಆಮೇಲೆ ನಲ್ಲಿ ನಿಲ್ಲಿಸಿ, ನನ್ನನ್ನು ಸುತ್ತಿ ಒಳಗಿನ ಮೊಳೆಗೆ ಹಾಕಿದಳು. ಬಾಯಿಗೆ ಬಟ್ಟೆ ಕಟ್ಟಲಿಲ್ಲ.

ಪೈಗಳ ಅಂಗಡಿಯಲ್ಲಿ ಬಿಳಿ ಪೈಪು ಇರಲಿಲ್ಲ. "ಬಪ್ಪುದ್ ಬಪ್ಪು ವಾರ," ಎಂದರಂತೆ. ಬೋಟು ಮರುದಿನವೇ ಹೊರಡಬೇಕಿತ್ತು.

"ಒಂದ್ ವಾರ ನಿಂತ್ ಹೋಪುಕಾತಿಲ್ಯಾ ಅಪ್ಪಯ್ಯ?"

"ಮೀನ್ ನಿಂತಿರತ್ತಾ ಮಗಾ? ಒಂದ್ ಸರ್ತಿಗೆ ಎಂತ ಆತ್ತ್," ಎಂದು ಹೆರಿಯಣ್ಣ ಯಾರದೋ ಹಸಿರು ಪೈಪಿನಲ್ಲಿ ಟಾಂಕಿ ತುಂಬಿಸಿದರು.

ಆ ಸಲ ಬೋಟು ಬೇಗನೆ ತಿರುಗಿ ಬಂತು. ಹೆರಿಯಣ್ಣನನ್ನು ಇಬ್ಬರು ಎತ್ತಿಕೊಂಡು ಇಳಿಸಿದರು. ಹೊಟ್ಟೆ ಹಿಡಿದುಕೊಂಡು ಬಾಗಿದ್ದರು. ನೀರು ಕುಡಿಯದೆ ತುಟಿ ಒಡೆದಿತ್ತು. ಲೋಟ ತರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರು ಬೋಟು ಹತ್ತಲಿಲ್ಲ. ಅದು ಬೇರೆಯವರ ಕೈಗೆ ಹೋಯಿತು. ಬಣ್ಣವೂ ಹೆಸರೂ ಬದಲಾಯಿತು.

ಪೈಗಳು ದಾರಿಯಲ್ಲಿ ಸಿಕ್ಕಿ, "ನಿನ್ ಬಿಳಿ ಪೈಪ್ ಬಂದಿತ್ ಹೆಣ್ಣೆ," ಎಂದರು.

"ಈಗ ಬ್ಯಾಡ," ಎಂದಳು ಪ್ರಮೀಳ.

ನನ್ನನ್ನು ಸದಿಯಣ್ಣ ಬೋಟಿನ ಹಲಗೆ ತೊಳೆಯಲು ಕೇಳಿ ಒಯ್ದರು. ಆಮೇಲೆ ಮೀನಿನ ಕಟ್ಟೆ ತೊಳೆದೆ. ನನ್ನ ಬಾಯಿ ನೆಲದಲ್ಲೇ ಬಿದ್ದಿರುತ್ತಿತ್ತು, ನೊಣಗಳು ಕೂರುತ್ತಿದ್ದವು. ಬಿಸಿಲಿಗೆ ಮೈ ಬಿರಿಯಿತು. ಆಗ ತುಂಡು ತುಂಡು ಮಾಡಿ, ಧಕ್ಕೆಗೆ ಉಜ್ಜಿ ಸವೆಯದಂತೆ ಬೋಟಿನ ಹಗ್ಗಗಳಿಗೆ ತೊಡಿಸಿದರು. ಆ ತುಂಡುಗಳು ಈಗ ಹಗ್ಗದೊಡನೆ ಕಡಲಿಗೆ ಹೋಗಿ ಬರುತ್ತವೆ. ಅವುಗಳಲ್ಲಿ ನಾನಿದ್ದೇನೋ ಇಲ್ಲವೋ ಗೊತ್ತಿಲ್ಲ. ನಾನು ಎಂದು ಹೇಳಿಕೊಳ್ಳುತ್ತಿರುವುದು ಉಳಿದ ಈ ಗೇಣುದ್ದದ ತುಂಡು. ಧಕ್ಕೆಯ ಮೂಲೆಯಲ್ಲಿ ಬಿದ್ದಿದ್ದೆ. ಒಣಮೀನಿನ ಕೆಲಸಕ್ಕೆ ಬಂದ ಪ್ರಮೀಳ ನೀಲಿ ಗೆರೆಯಿಂದ ನನ್ನ ಗುರುತು ಹಿಡಿದಳು. ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು.

ಹೆರಿಯಣ್ಣ ಈಗ ಮತ್ತೆ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ. ಪ್ರಮೀಳ ಲೋಟ ಕೊಟ್ಟರೆ ಒಂದು ಗುಟುಕು ಕುಡಿದು ಕೆಳಗಿಡುತ್ತಾರೆ. "ಇದ್ರಗೆ ಎಂತದೋ ಇತ್ತ್," ಎನ್ನುತ್ತಾರೆ. ಅದು ಅದೇ ಬಾವಿಯ ನೀರು. ಅವಳು ಚೆಲ್ಲಿ, ಬೇರೆ ಸೇದಿ ತರುತ್ತಾಳೆ. ಅದರಲ್ಲೂ ಎಂತದೋ ಇರುತ್ತದೆ. ರಾತ್ರಿಯ ನೋವಿಗೆ ಅವರು ಹಲ್ಲು ಕಚ್ಚುವುದು ಅವಳಿಗೆ ಕೇಳಿಸುತ್ತದೆ. ನಿನ್ನೆ ಲೋಟ ಕೆಳಗಿಟ್ಟು, "ಬೋಟಿನ್ ನೀರಾದ್ರೆ ಕುಡಿತಿದ್ದೆ ಮಗಾ," ಎಂದರು.

ಅದಕ್ಕೇ ಈ ಕ್ಯಾನು. ಅದಕ್ಕೇ ನಾನು.

ಸಂಜೆ ಅವಳು ನನ್ನನ್ನು ಹಿಡಿದು ಧಕ್ಕೆಗೆ ಬಂದಳು. ಅವಳ ಅಂಗೈ ಮೊದಲಿನಂತೆಯೇ ಇದೆ, ಸ್ವಲ್ಪ ಒರಟು. ಹಿಂದೆ ಬೊಬ್ಬರ್ಯ ಪ್ರಸಾದವಾಗಿದ್ದ ಬೋಟು ಆಗಷ್ಟೇ ಬಂದು ತಾಗಿತ್ತು. ನಲ್ಲಿಯ ಹತ್ತಿರ ಅವರ ಹಸಿರು ಪೈಪು ಲೋಳೆಯಲ್ಲಿ ಬಾಯಿ ಇಟ್ಟು ಬಿದ್ದಿತ್ತು. ಪ್ರಮೀಳ ಬಗ್ಗಿ ಅದರ ಬಾಯಿ ತೊಳೆದು, ಹಳೆಯ ಮೊಳೆಗೆ ತೂಗುಹಾಕಿದಳು. ಟಾಂಕಿಯ ನೀರಿನಲ್ಲಿ ಈಗ ಯಾವ ನಾತವಿದೆ ಎಂದು ಅವಳಿಗೆ ಗೊತ್ತು, ನನಗೂ ಗೊತ್ತು. ಆದರೆ ಅದು ಕರೆ ಕಾಣದಲ್ಲಿಗೆ ಹೋಗಿ ಬಂದ ನೀರು.

ಹೊಸ ಜನ ಬುಟ್ಟಿ ಇಳಿಸುತ್ತಿದ್ದರು. ಮೀನಿನ ಹರಾಜಿನ ಕೂಗು ಎದ್ದಿತ್ತು, ಮಂಜುಗಡ್ಡೆಯ ಯಂತ್ರ ಗಡಗಡಿಸುತ್ತಿತ್ತು. ಅವಳು ಬೋಟಿನ ಅಂಚಿನ ಹತ್ತಿರ ನಿಂತಳು. ನನ್ನನ್ನು ಬಿಗಿಯಾಗಿ ಹಿಡಿದಳು. ಒಮ್ಮೆ ಹೇಳಿದಳು. ಯಾರೂ ತಿರುಗಲಿಲ್ಲ. ಕ್ಯಾನನ್ನು ಮುಂದಕ್ಕೆ ಚಾಚಿ, ನಾನು ಎಂದೂ ಕೇಳಿರದಷ್ಟು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು.

"ಅಣ್ಣ, ಟಾಂಕಿ ನೀರ್ ಒಂದ್ ಲೋಟ ಕೊಡಿ."