ಕರಿಗುಂಡ್ಲಹಳ್ಳಿಯ ಸ್ಯಾಂಪಲ್ ಬಾಟಲಿ

ನನಗೆ ಪದಕ ಬರುತ್ತದೆ ಅಂತ ಗೊತ್ತಾದ ದಿನ ನಾನು ಮಾಡಿದ ಮೊದಲ ಕೆಲಸ, ಲ್ಯಾಬಿನಲ್ಲಿ ಸಿಕ್ಕಸಿಕ್ಕವರ ಮುಂದೆಲ್ಲ ಜಂಬ ಕೊಚ್ಚಿದ್ದು. ಮುಚ್ಚಿಡುವುದೇನು, ನಾನು ಜಂಬದ ಹೆಂಗಸೇ. ಮಧುಗಿರಿಯಲ್ಲಿ ಒಂದು ಸಣ್ಣ ಟ್ರಸ್ಟಿನ ನೀರು ಪರೀಕ್ಷೆಯ ಲ್ಯಾಬು ನಮ್ಮದು. ಕೆಳಗೆ ಗೊಬ್ಬರದಂಗಡಿ, ಮೇಲೆ ನಾವು. ಸುತ್ತಲ ನಾಲ್ಕು ತಾಲ್ಲೂಕಿನ ಹಳ್ಳಿಗಳಿಂದ ಬಾಟಲಿಯಲ್ಲಿ ನೀರು ಬರುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ನೋಡಿ ನಾನು ವರದಿ ಬರೆಯುತ್ತೇನೆ. ಹದಿನೇಳು ವರ್ಷದಿಂದ ಇದೇ ಕೆಲಸ, ಇದೇ ಗೊಬ್ಬರದ ವಾಸನೆ. ಇಂಥವಳನ್ನು ಅಖಿಲ ಭಾರತ ಜಲವೃತ್ತಿ ಸಂಘದವರು ನಾಗಪುರದ ಸಮ್ಮೇಳನಕ್ಕೆ ಕರೆದು, ದೇಶದ ನೀರಿನ ಇಂಜಿನಿಯರುಗಳು, ಕೆಮಿಸ್ಟುಗಳೆಲ್ಲ ಕೂತ ಸಭೆಯಲ್ಲಿ ಪದಕ ಹಾಕುತ್ತಾರೆ ಅಂದರೆ ಕಾಲು ನೆಲದ ಮೇಲೆ ನಿಲ್ಲುತ್ತದೆಯೇ? ಸಮ್ಮೇಳನಕ್ಕೆ ಅಂತಲೇ ನೀಲಿ ಬಣ್ಣದ ಸೀರೆಯನ್ನೂ ತಂದಿಟ್ಟಿದ್ದೆ.

ಪದಕಕ್ಕೆ ಕಾರಣ ಕರಿಗುಂಡ್ಲಹಳ್ಳಿ. ಪಾವಗಡ ತಾಲ್ಲೂಕಿನಲ್ಲಿ, ಬಲಸಮುದ್ರದಿಂದಾಚೆ, ಸೋಲಾರ್ ಫಲಕಗಳ ನಡುವೆ ಇರುವ ನಲವತ್ತು ಮನೆಯ ಊರು. ನಾಲ್ಕು ವರ್ಷದ ಹಿಂದೆ ಆ ಊರಿನ ಕೊಳವೆಬಾವಿಯ ಮೊದಲ ಸ್ಯಾಂಪಲ್ ಬಂದಾಗ ಲೀಟರಿಗೆ ಮೂರೂಕಾಲು ಮಿಲಿಗ್ರಾಂ ಫ್ಲೋರೈಡ್ ಇತ್ತು. ಒಂದೂವರೆ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಕೂಡಲೇ ಹೋಗಿ ಊರು ನೋಡಿ ಬಂದೆ. ಮಳೆನೀರು ಕೊಳವೆಬಾವಿಗೆ ಇಳಿದರೆ ಫ್ಲೋರೈಡ್ ಕಡಿಮೆಯಾಗುತ್ತದೆ ಅಂತ ಟ್ರಸ್ಟಿನಿಂದ ಹಳ್ಳದ ಪಕ್ಕ ಇಂಗುಗುಂಡಿ ಮಾಡಿಸಿದೆ. ಮುಂದಿನ ಸ್ಯಾಂಪಲ್ಲಿನಲ್ಲೇ ಫ್ಲೋರೈಡ್ ಒಂದಕ್ಕಿಂತ ಕೆಳಗೆ! ಅಲ್ಲಿಂದ ಮೂರು ತಿಂಗಳಿಗೊಂದರಂತೆ ಹದಿನೈದು ಬಾಟಲಿ ಬಂದವು, ಒಂದೂ ಒಂದು ಮಿಲಿಗ್ರಾಂ ದಾಟಲಿಲ್ಲ. ಅದರ ಗ್ರಾಫು ಹಾಕಿ ನಾನು ಬರೆದ ಪ್ರಬಂಧಕ್ಕೇ ಸಂಘದವರು ಪದಕ ಕೊಡಲು ಹೊರಟಿದ್ದು. ಆ ಊರಿಗೆ ಮಂಜೂರಾಗಿದ್ದ ಶುದ್ಧ ನೀರಿನ ಘಟಕವನ್ನು ಬೇರೆ ಊರಿಗೆ ಕೊಟ್ಟರು, ಯಾಕೆಂದರೆ ನಾನೇ ಬರೆದಿದ್ದೆ, "ಕರಿಗುಂಡ್ಲಹಳ್ಳಿಗೆ ಘಟಕದ ಅಗತ್ಯವಿಲ್ಲ" ಅಂತ. ಬರೆದು ಕೆಳಗೆ ದೊಡ್ಡದಾಗಿ ಸಹಿ ಹಾಕಿದ್ದೆ.

ಸಂಘದ್ದೊಂದು ನಿಯಮ. ಪದಕ ಕೊಡುವ ಮುಂಚೆ ಹಿರಿಯ ಸದಸ್ಯರೊಬ್ಬರು ಸ್ಥಳಕ್ಕೆ ಬಂದು, ಎದುರಿಗೇ ಸ್ಯಾಂಪಲ್ ತೆಗೆಸಬೇಕು. ಹಾಗೆ ಬಂದವರು ವೃಷಭೇಂದ್ರಪ್ಪನವರು. ಸಿರಾದವರು, ನಿವೃತ್ತ ಇಂಜಿನಿಯರು, ಎಪ್ಪತ್ತು ದಾಟಿದೆ. ಭಾನುವಾರ ಬೆಳಿಗ್ಗೆ ಅವರ ಕಾರಿನಲ್ಲೇ ಹೊರಟೆವು. ಬೇರೆ ಮುದುಕರು ಮೊಮ್ಮಗಳ ಮದುವೆಯ ಸುದ್ದಿ ಹೇಳುವ ಹಾಗೆ ಇವರು ದಾರಿಯುದ್ದಕ್ಕೂ ಮದಲೂರು ಕೆರೆಗೆ ನೀರು ಬಂದ ಸುದ್ದಿಯನ್ನೇ ಹೇಳಿದರು. ನಾನು ಹೂಂಗುಟ್ಟುತ್ತಾ ನಾಗಪುರದ ಭಾಷಣವನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ.

ಕೊಳವೆಬಾವಿಯಿಂದ ಊರಿನ ನಲ್ಲಿಗಳಿಗೆ ನೀರು ಬಿಡುವವನು ಕದರಪ್ಪ. ಪ್ರತಿ ಸಲ ಬಾಟಲಿ ತಂದುಕೊಡುವವನೂ ಅವನೇ. ಅವತ್ತು ಎಲ್ಲೋ ಪೈಪು ಒಡೆದಿದೆ ಅಂತ ಹೋಗಿದ್ದ. ಮನೆಯಲ್ಲಿ ಅವನ ತಾಯಿ ಚಿಕ್ಕಹನುಮಕ್ಕ ಇದ್ದಳು. ಚಾಪೆ ಹಾಸಿ, ಥಳಥಳ ಬೆಳಗಿದ ಎರಡು ಲೋಟದಲ್ಲಿ ನೀರು ತಂದಿಟ್ಟಳು.

ವೃಷಭೇಂದ್ರಪ್ಪನವರು ಗಟಗಟ ಕುಡಿದು, "ಆಹಾ, ಏನು ರುಚಿಯಮ್ಮಾ! ಪಾವಗಡದ ಸೀಮೆಯಲ್ಲಿ ಇಂಥ ನೀರೇ?" ಅಂದರು.

"ನೋಡಿದ್ರಾ ಸರ್!" ಅಂದೆ ನಾನು. ಆ ನೀರನ್ನು ನಾನೇ ಹೆತ್ತವಳ ಹಾಗೆ ಬೀಗಿದೆ.

ಅವರು ಚೀಲದಿಂದ ಹೊಸ ಬಾಟಲಿ ತೆಗೆದು, "ಅಮ್ಮಾ, ಕದರಪ್ಪ ಇಲ್ಲವಲ್ಲ, ಇದನ್ನ ತುಂಬೋರು ಯಾರು?" ಅಂತ ಕೇಳಿದರು.

"ಅವ್ನೆಲ್ಲಿ ತುಂಬ್ತಾನೆ ಸ್ವಾಮಿ, ಅವ್ನಿಗೆ ಪುರುಸೊತ್ತೆಲ್ಲೈತೆ? ಎಲ್ಲಾ ಸಲಾನೂ ನಾನೇ ತುಂಬಿ ಇಡೋದು. ಅವ್ನು ತಗಂಡೋಗಿ ಬಸ್ ಹತ್ತೋದೇಯ."

"ಹಾಗಾದ್ರೆ ಯಾವಾಗಲೂ ಹೆಂಗೆ ತುಂಬ್ತೀಯೋ ಹಂಗೇ ತುಂಬಿಕೊಡು ತಾಯಿ."

ಚಿಕ್ಕಹನುಮಕ್ಕ ಬಾಟಲಿ ತಗೊಂಡು ಎದ್ದಳು. ನಲ್ಲಿ ಇರುವುದು ಅಂಗಳದಲ್ಲಿ. ಅವಳು ಹೋಗಿದ್ದು ಒಳಗೆ, ಅಡುಗೆಮನೆಗೆ. ನಾನೂ ಎದ್ದು ಹಿಂದೆಯೇ ಹೋದೆ.

ಮೂಲೆಯಲ್ಲಿ ಬಟ್ಟೆ ಮುಚ್ಚಿದ ಒಂದು ಹಿತ್ತಾಳೆ ಬಿಂದಿಗೆ. ಅದರಿಂದ ನೀರು ಹಾಕಿ ಬಾಟಲಿಯನ್ನು ಕುಲುಕಿ ಚೆಲ್ಲಿದಳು. ಒಂದು ಸಲ, ಎರಡು ಸಲ, ಮೂರು ಸಲ. ಮಗನಿಗೆ ನಾನು ಹೇಳಿಕೊಟ್ಟಿದ್ದನ್ನು ಅವಳು ಒಂದು ಕೂದಲೆಳೆಯಷ್ಟೂ ತಪ್ಪದೆ ಮಾಡುತ್ತಿದ್ದಳು. ಆಮೇಲೆ ಗುಳ್ಳೆ ನಿಲ್ಲದ ಹಾಗೆ ಕಂಠದವರೆಗೆ ತುಂಬಿದಳು.

"ಅಜ್ಜೀ, ನಲ್ಲಿ ಹೊರಗಿದೆಯಲ್ಲ?" ಅಂದೆ.

ಅವಳು ನಕ್ಕುಬಿಟ್ಟಳು. "ನಲ್ಲಿ ನೀರಾ? ನಿಮ್ಗಾ? ಏಯ್ ಬುಡಮ್ಮ! ಅದು ನಮ್ಗೆ. ಇದು ಮಂಚಿನೀಳ್ಳು ಕಣಮ್ಮ, ಸೀನೀರು. ಗುಡ್ಡದ ಬುಡದಾಗೆ ಸೀಬಾವಿ ಐತೆ ನೋಡು, ಎರಡು ಮೈಲಿ, ಅಲ್ಲಿಂದ ತಂದಿದ್ದು. ಎಂಟು ದಿನಕ್ಕೆ ಮನೆಗೊಂದೇ ಬಿಂದ್ಗೆ, ಸರತಿ ಮ್ಯಾಲೆ. ನೆಂಟ್ರು ಬಂದ್ರೆ, ಬಾಣಂತಿ ಇದ್ರೆ, ಸಾಯೋರ ಬಾಯಿಗೆ ಬಿಡಾಕೆ, ಅಷ್ಟಕ್ಕೇ ಮುಟ್ಟೋದು."

"ಬಾಟಲಿಗೆ ಯಾವಾಗಲೂ ಇದನ್ನೇ ತುಂಬ್ತಿದ್ರಾ?"

"ಮತ್ತೆ? ಆಪೀಸ್ನೋರು ಕುಡ್ದು ನೋಡೋ ನೀರು. ಉಪ್ಪುನೀರು ಕಳ್ಸಿ ಊರ್ ಮರ್ಯಾದೆ ಕಳ್ಯಾಕಾಯ್ತದಾ? ಬಾಟ್ಲಿ ಬರೋ ವಾರ ಬಿಂದ್ಗೆ ಮುಟ್ಟಬ್ಯಾಡ ಅಂತ ಮೊಮ್ಮಗಳಿಗೂ ಗದರಿಸಿಟ್ಟಿರ್ತೀನಿ."

ಹದಿನೈದು ಬಾಟಲಿ. ನಾಲ್ಕು ವರ್ಷ.  ಇಂಗುಗುಂಡಿ, ಗ್ರಾಫು, ಪ್ರಬಂಧ, ನೀಲಿ ಸೀರೆ ಎಲ್ಲ ಒಂದೇ ಸಲಕ್ಕೆ ಕುಸಿದವು. ಅದಕ್ಕಿಂತ ದೊಡ್ಡ ಪೆಟ್ಟು ಒಂದು ಕ್ಷಣ ತಡೆದು ಬಂತು. ಈ ನಾಲ್ಕು ವರ್ಷವೂ ಊರು ಕುಡಿದಿದ್ದು ನಲ್ಲಿ ನೀರನ್ನು. ಘಟಕ ಬೇಡ ಅಂದವಳು ನಾನು.

ಅಷ್ಟರಲ್ಲಿ ಮೊಮ್ಮಗಳು ಅಂಗಳದ ನಲ್ಲಿಯಿಂದ ಬಿಂದಿಗೆ ಹೊತ್ತು ತಂದಳು. ಎಂಟು ವರ್ಷದ ಹುಡುಗಿ. ಇಳಿಸಿದವಳೇ ಅದರಿಂದಲೇ ಒಂದು ಲೋಟ ಬಗ್ಗಿಸಿ ಕುಡಿದು, ನನ್ನನ್ನು ನೋಡಿ ನಕ್ಕಳು. ಹೊಸದಾಗಿ ಹುಟ್ಟಿದ ಮುಂದಿನ ಎರಡು ಹಲ್ಲು ಸುಣ್ಣದ ಹಾಗೆ ಮಂಕಾಗಿದ್ದವು. ಅದರ ಮೇಲೆ ಕಂದು ಗೆರೆ. ಆ ಗೆರೆ ಉಜ್ಜಿದರೆ ಹೋಗುವುದಲ್ಲ. ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಬೀಳುವಂಥದ್ದು. ಮೊದಲ ಬಾಟಲಿ ಬಂದಾಗ ಈ ಮಗುವಿಗೆ ನಾಲ್ಕು ವರ್ಷ. ಘಟಕ ಅವತ್ತೇ ಬಂದಿದ್ದರೆ ಈ ಹಲ್ಲು ಇಷ್ಟು ಕೆಡುತ್ತಿರಲಿಲ್ಲವೇನೋ.

ಸಿಟ್ಟು ನೆತ್ತಿಗೇರಿತು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟೇ. "ಮೊದಲನೇ ಸಲ ನಲ್ಲಿ ನೀರು ಕಳಿಸಿದ್ರಲ್ಲ! ಆಮೇಲೆ ಯಾಕೆ ಬದಲಾಯಿಸಿದ್ರಿ? ಯಾರು ಹೇಳಿದ್ರು ನಿಮಗೆ?" ಅಂತ ಆ ಮುದುಕಿಯ ಮೇಲೆ ಕೂಗಾಡಿದೆ.

ಚಿಕ್ಕಹನುಮಕ್ಕ ಬೆಚ್ಚಿಬಿದ್ದು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು. "ಮೊದಲ್ನೇದೊಂದು ಕದರಪ್ಪನೇ ತುಂಬಿದ್ದ, ನಲ್ಲೀಲಿ. ಆಮ್ಯಾಕೆ ನೀವು ಬಂದ್ರಲ್ಲಮ್ಮ, ಕಾರ್ನಾಗೆ, ಬ್ಯಾಸ್ಗೇಲಿ. ನಮ್ ಜಗಲಿ ಮ್ಯಾಲೇ ಕುಂತಿದ್ರಿ. ಸೀನೀರು ಆಗೋಗಿತ್ತು ಅಂತ ನಲ್ಲಿ ನೀರೇ ಕೊಟ್ಟೆ. ನೀವು ಬಾಯಿಗೆ ಹಾಕ್ಕಂಡೋರು ಥೂ ಅಂತ ಅಂಗಳಕ್ಕೆ ಉಗುದ್ಬುಟ್ರಿ. ಇದನ್ನ ದನ ಕುಡಿಯುತ್ತಾ ಅಂದ್ರಿ. ಅಕ್ಕಪಕ್ಕದೋರೆಲ್ಲಾ ನೋಡ್ತಿದ್ರು. ಅವತ್ತೇ ಅಂದ್ಕಂಡೆ, ಈ ಯಮ್ಮನಿಗೆ ಇನ್ನೊಂದು ಸಲ ಆ ನೀರು ಕೊಡಾಕಿಲ್ಲ ಅಂತ."

ನನಗೆ ನೆನಪಿರಲಿಲ್ಲ. ಎಷ್ಟೋ ಊರಲ್ಲಿ ಎಷ್ಟೋ ನೀರು ಉಗಿದಿದ್ದೇನೆ, ಯಾವುದನ್ನು ಅಂತ ನೆನಪಿಡಲಿ? ಆದರೆ ಅವಳು ಹೇಳುತ್ತಿದ್ದ ಹಾಗೆ ಆ ಬಿಸಿಲು, ಆ ಲೋಟ, ನಾಲಿಗೆಯ ಮೇಲಿನ ಕಹಿ ಎಲ್ಲ ಬಂತು. ದನದ ಮಾತೂ ನನ್ನದೇ. ಬೇರೆ ಯಾರೂ ಅಷ್ಟು ಕೆಟ್ಟದಾಗಿ ಮಾತಾಡುವುದಿಲ್ಲ.

ವೃಷಭೇಂದ್ರಪ್ಪನವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಾಲ್ಕು ವರ್ಷದಲ್ಲಿ ಸ್ಯಾಂಪಲ್ ಎಲ್ಲಿಂದ ತುಂಬ್ತಾರೆ ಅಂತ ಒಂದು ಸಲವಾದ್ರೂ ಬಂದು ನೋಡಲಿಲ್ವೇನಮ್ಮ ರಾಧಾಮಣಿ?"

"ಇಲ್ಲ ಸರ್."

ಅವರು ಚೀಲದಿಂದ ಇನ್ನೊಂದು ಬಾಟಲಿ ತೆಗೆದು ನನ್ನ ಕೈಗಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದನ್ನು ತಗೊಂಡು ನಾನೇ ಅಂಗಳದ ನಲ್ಲಿಗೆ ಹೋದೆ.  ಚಿಕ್ಕಹನುಮಕ್ಕ ಓಡಿಬಂದು, "ಬ್ಯಾಡ ಕಣಮ್ಮ, ಅದು ನಿಮ್ಗಲ್ಲ, ಅದು ನಮ್ಗೆ!" ಅಂತ ಕೈ ಹಿಡಿದಳು. ಅವಳ ಕೈ ಬಿಡಿಸಿ ಬಾಟಲಿ ತುಂಬಿದೆ. ಘಟಕ, ವರದಿ, ಫ್ಲೋರೈಡ್ ಎಲ್ಲ ಬಿಡಿಸಿ ಹೇಳಿದೆ. ಮೊಮ್ಮಗಳ ಹಲ್ಲು ತೋರಿಸಿಯೂ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ, ಹುಡುಗಿಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾನು ಮರ್ಯಾದೆ ಮಾಡಿದ್ದಲ್ವೇನಮ್ಮ?" ಅಂತ ಕೊನೆಗೆ ಕೇಳಿದಳು. ನಾನು ಬಗ್ಗಿ ಅವಳ ಕಾಲು ಮುಟ್ಟಿದೆ. 

ಮಧ್ಯಾಹ್ನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೆ. ಮೂರೂವರೆ ಮಿಲಿಗ್ರಾಂ. ಮೊದಲಿಗಿಂತಲೂ ಜಾಸ್ತಿ. ಪದಕ ಬೇಡ ಅಂತ ಸಂಘಕ್ಕೆ ಬರೆದೆ, ಯಾಕೆ ಬೇಡ ಅನ್ನುವುದನ್ನೂ ಬಿಡದೆ ಬರೆದೆ. ಹಳೆಯ ಹದಿನೈದು ವರದಿ ತಪ್ಪು ಅಂತ ಪಂಚಾಯ್ತಿಗೂ ಬರೆದು, ಈ ಸಲ ಸಹಿಯನ್ನು ಸಣ್ಣದಾಗಿ ಹಾಕಿದೆ. ವೃಷಭೇಂದ್ರಪ್ಪನವರು ಘಟಕದ ಕಡತ ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡುತ್ತಿದ್ದಾರೆ. ಬೇಗ ಅಂದರೂ ಒಂದು ವರ್ಷವಂತೆ.

ಮೊನ್ನೆ ಕದರಪ್ಪ ಹೊಸ ಸ್ಯಾಂಪಲ್ ತಂದ. ಈ ಸಲ ಎರಡು ಬಾಟಲಿ. ಒಂದರ ಕತ್ತಿಗೆ ಕಪ್ಪು ದಾರ, ಇನ್ನೊಂದಕ್ಕೆ ಅರಿಶಿನದ ದಾರ.

"ಎರಡು ಯಾಕೋ?" ಅಂದೆ.

"ಕಪ್ಪುದಾರದ್ದು ನಲ್ಲೀದು ಮೇಡಂ, ಟೆಸ್ಟಿಗೆ," ಅಂದ. "ಇನ್ನೊಂದು ಸೀನೀರು, ನೀವು ಕುಡಿಯಾಕೆ. ಅವ್ವ ಕಳ್ಸೈತೆ."