ಪರೀಕ್ಷೆಗಿಟ್ಟ ಹೊಟ್ಟೆ

"ಏಯ್, ಅಂಗಿ ಎತ್ತೋ ಮೇಲಕ್ಕೆ! ಮದ್ವೆ ಹೆಣ್ಣಿನ ಥರ ನಾಚ್ಕೋತಾನೆ ನೋಡು."

ಡಾಕ್ಟರ್ ರುದ್ರಸ್ವಾಮಿ ಹೀಗಂದಾಗ ಸುತ್ತ ನಿಂತಿದ್ದ ಬಿಳಿ ಕೋಟುಗಳೆಲ್ಲ ಹಲ್ಲು ಕಿರಿದವು. ನನ್ನ ಪಕ್ಕದ ಮಂಚದ ಸಣ್ಣಬೀರಯ್ಯ ಅಂಗಿ ಎತ್ತಿದ. ನೀರು ತುಂಬಿ ಬಿಗಿದಿದ್ದ ಅವನ ಹೊಟ್ಟೆಯನ್ನು ಒಬ್ಬೊಬ್ಬರಾಗಿ ಬಂದು, ಸಂತೆಯಲ್ಲಿ ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಬೆರಳಲ್ಲಿ ಬಡಿದರು. ಬಡಿದು ಕೈ ತೊಳೆಯಲು ಹೋದರು. ಅಂಗಿ ಇಳಿಸು ಅಂತ ಯಾರೂ ಹೇಳಲಿಲ್ಲ.

ಇವರೆಲ್ಲ ಆಗಲೇ ಡಾಕ್ಟರುಗಳೇ. ಇನ್ನೂ ದೊಡ್ಡ ಡಾಕ್ಟರಾಗುವ ಪರೀಕ್ಷೆಗೆ ತಯಾರಾಗುತ್ತಿದ್ದರು. ಹಳ್ಳಿಗಳಲ್ಲಿ ಉಚಿತ ಕ್ಯಾಂಪು ಮಾಡಿ, ಪರೀಕ್ಷೆಗೆ ಒದಗುವಂಥ ಕಾಯಿಲೆಯವರನ್ನು ಆರಿಸಿ, ಕಾಲೇಜಿನ ಬಸ್ಸಿನಲ್ಲಿ ತುಂಬಿಕೊಂಡು ಈ ಆಸ್ಪತ್ರೆಗೆ ತಂದಿದ್ದರು. ಎನ್. ಬೇಗೂರಿನಿಂದ ಸಣ್ಣಬೀರಯ್ಯ, ಪಿರಿಯಾಪಟ್ಟಣದ ಕಡೆಯಿಂದ ನಾನು, ನಿಂಗಯ್ಯ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಹಾಕುವ ಕೂಲಿ ನನ್ನದು. ನನ್ನ ಎದೆಯಲ್ಲಿ ಏನೋ ಸದ್ದಿದೆಯಂತೆ. ಅದನ್ನು ಕೇಳಿ ಹೆಣ್ಣು ಡಾಕ್ಟರೊಬ್ಬಳು "ಬ್ಯೂಟಿಫುಲ್" ಅಂದಳು. ಕಟ್ಟಿಕೊಂಡ ಹೆಂಡತಿಯೂ ನನ್ನಲ್ಲಿ ಅಂಥದ್ದೇನನ್ನೂ ಕಂಡವಳಲ್ಲ. ಪರೀಕ್ಷೆಯಲ್ಲಿ ಬೇಗ ನೋಡಿ ಮುಗಿಸುವ ನಾನು ಇಲ್ಲಿ ಶಾರ್ಟ್ ಕೇಸು, ಹೊತ್ತು ಹಿಡಿದು ನೋಡುವ ಸಣ್ಣಬೀರಯ್ಯ ಲಾಂಗ್ ಕೇಸು. ಹೆಸರು ಹಿಡಿದು ಕರೆಯುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಮಲಗಿದರೆ ಸಣ್ಣಬೀರಯ್ಯನಿಗೆ ಉಸಿರು ಸಿಕ್ಕುತ್ತಿರಲಿಲ್ಲ. ದಿಂಬಿಗೆ ಒರಗಿ ಕೂತೇ ತೂಕಡಿಸುತ್ತಿದ್ದ. ಅವನ ಹೆಂಡತಿ ಮಂಗಳಮ್ಮ ರುದ್ರಸ್ವಾಮಿಯ ಹಿಂದೆಯೇ ಅಲೆಯುತ್ತಿದ್ದಳು.

"ನೀರ್ ತೆಗೀರಿ ಬುದ್ದಿ. ಉಸ್ರು ಕಟ್ತದೆ ಅಂತಾವ್ನೆ."

"ಸೋಮವಾರ ಪರೀಕ್ಷೆ. ಮುಗಿದ ಮೇಲೆ ತೆಗೀತೀವಿ."

"ಅಲ್ಲೀಗಂಟ ಅವ್ನು ಬದುಕ್ಬ್ಯಾಡ್ವಾ ಬುದ್ದಿ?"

"ಈಗ ತೆಗೆದ್ರೆ ಕೇಸೇ ಹಾಳಾಗುತ್ತೆ. ಬಿಟ್ಟಿ ಮಂಚ, ಬಿಟ್ಟಿ ಊಟ. ಸುಮ್ನೆ ಬಿದ್ದಿರೋಕೆ ಏನು ಕಷ್ಟ ನಿಮಗೆ?"

ಮಂಗಳಮ್ಮ ಬಂದು ನನ್ನ ಮಂಚದ ಕಾಲಿಗೆ ಒರಗಿ ಕುಸಿದಳು.

"ಥೂ, ಇವ್ನ್ ಓದ್ಗೆ ಬೆಂಕಿ ಬೀಳಾ! ತಾನ್ ಪಾಸಾಗಾಕೆ ನನ್ ಗಂಡುನ್ ಹೊಟ್ಟೆಯ ಅಂಗೇ ಮಡಿಕ್ಕಂಡವ್ನಲ್ಲ ನಿಂಗಣ್ಣ!"

ಸೋಮವಾರ ಬೆಳಿಗ್ಗೆ ನಮಗೆಲ್ಲ ಒಗೆದ ಅಂಗಿ ಕೊಟ್ಟರು. ಯಾವ ಕೇಸು ಯಾರಿಗೆ ಅನ್ನುವುದು ಪರೀಕ್ಷೆಯ ಹೊತ್ತಿಗೇ ಗೊತ್ತಾಗಬೇಕಂತೆ. ತನಗೆ ಸಣ್ಣಬೀರಯ್ಯನೇ ಅಂತ ರುದ್ರಸ್ವಾಮಿಗೆ ಮಾತ್ರ ಮೊದಲೇ ಗೊತ್ತಿತ್ತು. ಬಂದು ಅವನಿಗೆ ಬಾಯಿಪಾಠ ಮಾಡಿಸಿದ.

"ಹೊರಗಿನ ಸಾಹೇಬರು ಕೇಳಿದ್ರೆ ದಿನಾ ಕುಡೀತಿದ್ದೆ ಅನ್ನು."

"ನಾ ಕುಡಿಯಾಕಿಲ್ಲ ಬುದ್ದಿ."

"ನಿಮ್ಮ ಜನದಲ್ಲಿ ಕುಡಿಯದೇ ಇರೋನು ಯಾವನೋ?"

ಪರೀಕ್ಷಕರು ಬಂದರು. ಮಂಗಳಮ್ಮನನ್ನು ಬಾಗಿಲಾಚೆ ದಬ್ಬಿದರು. ರುದ್ರಸ್ವಾಮಿ ಇಂಗ್ಲಿಷಿನಲ್ಲಿ ಗಿಣಿಪಾಠ ಒಪ್ಪಿಸಿದ. ನಡುವೆ "ಆಲ್ಕೋಹಾಲ್" ಅಂದದ್ದು ನನ್ನಂಥವನಿಗೂ ತಿಳಿಯಿತು. ಆಮೇಲೆ ಹೊಟ್ಟೆಯ ನೀರಿನ ಅಲೆ ತೋರಿಸಬೇಕಿತ್ತು. ಅದಕ್ಕೆ ರೋಗಿಯೇ ಅಂಗೈಯ ಅಂಚನ್ನು ಹೊಟ್ಟೆಯ ನಡುವೆ ಒತ್ತಿ ಹಿಡಿಯಬೇಕು. ಡಾಕ್ಟರು ಒಂದು ಪಕ್ಕ ತಟ್ಟಿ ಇನ್ನೊಂದು ಪಕ್ಕದಲ್ಲಿ ಅಲೆ ಹಿಡಿಯುತ್ತಾನೆ. ವಾರವೆಲ್ಲ ಇದನ್ನೇ ಮಾಡಿಸಿದ್ದರು.

"ಕೈ ಇಡಪ್ಪಾ," ಅಂದ ರುದ್ರಸ್ವಾಮಿ. ಪರೀಕ್ಷಕರ ಮುಂದೆ ಬಾಯಿಗೆ ಅಪ್ಪ ಬಂದುಬಿಟ್ಟಿದ್ದ.

ಸಣ್ಣಬೀರಯ್ಯ ಅಂಗಿ ಇಳಿಸಿ ಅದರ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ.

"ಮಡಗಾಕಿಲ್ಲ. ಮೊದ್ಲು ನೀರ್ ತೆಗೀರಿ."

"ಸರ್, ಪೇಷೆಂಟ್ ಕೋಆಪರೇಟ್ ಮಾಡ್ತಿಲ್ಲ..."

"ಉಸ್ರು ಬತ್ತಾ ಇಲ್ಲ ಕಣ್ರಯ್ಯಾ! ನಾ ಕುಡುಕ್ನೂ ಅಲ್ಲ. ಬೋಳೀಮಗ ಸುಳ್ ಬೊಗಳ್ತಾವ್ನೆ."

ಹಿರಿಯ ಪರೀಕ್ಷಕರು ಗಡಿಯಾರ ನೋಡಿದರು, ಹೊಟ್ಟೆ ನೋಡಲಿಲ್ಲ. "ಇವನು ಬೇಡ. ಆ ಕಡೆಯವನನ್ನು ಕೊಡಿ," ಅಂತ ನನ್ನತ್ತ ಬೆರಳು ತೋರಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಬಿಚ್ಚಿಟ್ಟುಕೊಂಡಿದ್ದ ಗುಂಡಿಗಳನ್ನು ಹಾಕಿಕೊಳ್ಳತೊಡಗಿದೆ. ಕತ್ತಿನ ಗುಂಡಿಯವರೆಗೂ ಹಾಕಿದೆ.

"ಅವ್ನ್ ನೀರ್ ತೆಗಿಯೋಗಂಟ ನನ್ ಎದೆನೂ ಇಲ್ಲ, ಯಾರ್ದೂ ಇಲ್ಲ."

ಆಚೆ ಮಂಚದಲ್ಲಿ, ಗಂಟಲು ಗಡ್ಡೆಯ ಮುದುಕಿ ಚಾಮುಂಡಮ್ಮ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಳು. ಅದರಾಚೆಯವನು ಗೋಡೆಗೆ ಮುಖ ಮಾಡಿ ಮಲಗಿದ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಂಗಳಮ್ಮ ಒಳಗೆ ನುಗ್ಗಿದಳು. ಕೈಯಲ್ಲಿ ಬಚ್ಚಲಿನ ಬಕೀಟಿತ್ತು. ಅದನ್ನು ತಂದು ರುದ್ರಸ್ವಾಮಿಯ ಬೂಟಿನ ಪಕ್ಕ ಕುಕ್ಕಿದಳು.

"ತೆಗಿಯೋ," ಅಂದಳು.