ಗುಂಡಿ ಡಬ್ಬಿಯ ಬಿಳಿ ಮಾತ್ರೆ

ಗಿರಾಕಿ ಅಂಗಡಿ ಮೆಟ್ಟಿಲು ಹತ್ತುವಷ್ಟರಲ್ಲೇ ಅಂಗಿಯ ಅಳತೆ ಹೇಳಿಬಿಡುವ ಆಸಾಮಿ ನಮ್ಮ ಟೈಲರಣ್ಣ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುತ್ತಿದ್ದ, ಉಳಿದ ದಿನ ಹೊಲಿಗೆ ಮಿಷನ್ ತುಳಿಯುತ್ತಿದ್ದ. ಯಾರ ಹಂಗಿನಲ್ಲೂ ಇಲ್ಲ, ದುಡಿದೇ ಉಣ್ಣುತ್ತೇನೆ ಎಂಬುದು ಅವನ ಹೆಮ್ಮೆ.

ಆದರೆ ಒಂದು ತಿಂಗಳಿಂದ ಗ್ರಹಚಾರ ಕೆಟ್ಟಿತ್ತು. ಡಯಾಲಿಸಿಸ್ ಶುರುವಾಗಿ ಎರಡು ಗಂಟೆಗೆಲ್ಲ ಬಿಪಿ ಇಳಿದು ತಲೆ ಸುತ್ತುತ್ತಿತ್ತು. ನಾಲ್ಕು ಗಂಟೆ ನಡೆಯಬೇಕಾದದ್ದು ಅರ್ಧಕ್ಕೇ ನಿಲ್ಲುತ್ತಿತ್ತು. ಮೈಯಲ್ಲಿ ನೀರು ಉಳಿದು ಪಾದ ಊದಿ, ಮಿಷನ್ ತುಳಿಯಲು ಆಗುತ್ತಿರಲಿಲ್ಲ. ಸಾಲದ್ದಕ್ಕೆ ಮೈತುಂಬ ತುರಿಕೆ. ಹೀಗೇ ಆದರೆ ಅಂಗಡಿ ಮುಚ್ಚಬೇಕಾದೀತು ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಹೊಸದಾಗಿ ಬಂದ ಫಾರ್ಮಸಿಸ್ಟ್ ಒಬ್ಬಳು, ಡಯಾಲಿಸಿಸ್‌ನವರಿಗೆ ಮಾತ್ರೆಗಳ ಬಗ್ಗೆ ಬಿಡಿಸಿ ಹೇಳುತ್ತಿದ್ದಳು.

"ಏನ್ರೀ, ಆ ಹುಡುಗಿನ ಒಂದ್ಸಲ ಕೇಳಿ ನೋಡೋಣ," ಎಂದಳು ಹೆಂಡತಿ.

"ಡಾಕ್ಟ್ರು ಬರೀತಾರೆ, ಅವಳು ಎತ್ತಿ ಕೊಡ್ತಾಳೆ. ಅಷ್ಟೇ ಕಣೇ ಅವಳ ಕೆಲಸ. ನಂಗೆ ಪಾಠ ಬೇರೆ ಹೇಳ್ಬೇಕಾ?"

"ಕೇಳಿದ್ರೆ ನಿಮ್ಮ ಕಿರೀಟ ಬಿದ್ದುಹೋಗುತ್ತಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಂಡನನ್ನು ಅವಳು ತೋಳು ಹಿಡಿದೇ ಕಿಟಕಿಗೆ ಕರೆದೊಯ್ದು, ಬಿಪಿ ಇಳಿಯುವುದು, ತುರಿಕೆ ಎಲ್ಲ ಹೇಳಿದಳು.

"ಮಾತ್ರೆ ಎಲ್ಲ ತಂದಿದ್ದೀರಾ ಟೈಲರಣ್ಣ?" ಎಂದಳು ಫಾರ್ಮಸಿಸ್ಟ್.

ಅವನು ಜಂಬದಿಂದಲೇ ಚೀಲದಿಂದ ಒಂದು ಡಬ್ಬಿ ತೆಗೆದಿಟ್ಟ. ಅಂಗಿ ಗುಂಡಿ ಹಾಕಿಡುವ, ಸಣ್ಣ ಸಣ್ಣ ಖಾನೆಗಳ ಡಬ್ಬಿ. ಮಾತ್ರೆ ತಂದ ದಿನವೇ ಶೀಟಿನಿಂದ ಬಿಡಿಸಿ, ಗುಂಡಿಯ ಹಾಗೆ ಬಣ್ಣ ನೋಡಿ ಖಾನೆಗೆ ಸುರಿಯುವುದು ಅವನ ಪದ್ಧತಿ.

"ಮೂವತ್ತು ವರ್ಷದ ಕೈ ತಾಯಿ, ತಪ್ಪೋ ಮಾತೇ ಇಲ್ಲ. ಬಿಳೀದು ಮೂರು, ಹಳದಿ ಒಂದು. ಬೆಳಿಗ್ಗೆ ಎದ್ದ ತಕ್ಷಣ ಎಲ್ಲಾ ಒಟ್ಟಿಗೆ ನುಂಗಿಬಿಡ್ತೀನಿ. ಒಂದೇ ಸಲಕ್ಕೆ ಕೆಲಸ ಮುಗೀತು."

"ಗುಲಾಬಿ ಬಣ್ಣದ ಬಿಪಿ ಮಾತ್ರೆ ಇತ್ತಲ್ಲ?"

"ಅದು ಹೋದ ತಿಂಗಳಿಂದ ಬರ್ತಿಲ್ಲ. ಡಾಕ್ಟ್ರು ನಿಲ್ಲಿಸಿದ್ರು ಅನ್ಕೊಂಡೆ."

ಆಕೆ ನಗಲಿಲ್ಲ, ಬೈಯಲೂ ಇಲ್ಲ. ಬಿಳಿ ಖಾನೆಯಿಂದ ಎರಡು ಮಾತ್ರೆ ಆರಿಸಿ ಅವನ ಮುಂದಿಟ್ಟಳು. "ನಿಲ್ಲಿಸಿಲ್ಲ ಅಣ್ಣ. ಬೇರೆ ಕಂಪನಿದು ಬಂದಿದೆ, ಅದರ ಬಣ್ಣ ಬಿಳಿ. ಇದು ಬಿಪಿದು, ದಿನಕ್ಕೆ ಒಂದೇ. ಇದು ಊಟದ್ದು, ಮೂರು. ಎರಡೂ ಬೆರೆತುಹೋಗಿವೆ. ಡಯಾಲಿಸಿಸ್ ದಿನ ಬೆಳಿಗ್ಗೆ ನಿಮ್ಮ ಕೈಗೆ ಬಿಪಿದೇ ಮೂರು ಸಿಕ್ಕಿದ್ರೆ ಬಿಪಿ ಇಳಿಯದೆ ಇನ್ನೇನಾಗುತ್ತೆ?"

ಟೈಲರಣ್ಣ ಎರಡೂ ಮಾತ್ರೆಗಳನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದ.

"ಇನ್ನು ಈ ಊಟದ ಮಾತ್ರೆ. ಊಟದಲ್ಲಿ ಫಾಸ್ಫರಸ್ ಅಂತ ಒಂದು ಅಂಶ ಇರುತ್ತೆ, ಅದು ರಕ್ತಕ್ಕೆ ಸೇರದ ಹಾಗೆ ಈ ಮಾತ್ರೆ ಹೊಟ್ಟೆಲೇ ಹಿಡಿದುಹಾಕುತ್ತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದ್ರೆ ಅದು ಏನನ್ನ ಹಿಡೀಬೇಕು ಪಾಪ? ತುತ್ತಿನ ಜೊತೆಗೇ ಹೋಗ್ಬೇಕು. ನಿಮ್ಮ ತುರಿಕೆಗೂ ಇದೇ ಕಾರಣ ಇರಬಹುದು."

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಬಿಪಿ ಮಾತ್ರೆಯನ್ನು ಡಯಾಲಿಸಿಸ್ ದಿನ ಮನೆಗೆ ಹೋದ ಮೇಲೆ ತೆಗೆದುಕೊಳ್ಳಲಿ ಎಂದರು ಅವರು. ಬೆರೆತ ಮಾತ್ರೆ ತೆಗೆದಿಟ್ಟು, ಹೊಸ ಶೀಟು ಕೊಟ್ಟು, ಒಂದೊಂದರ ಹಿಂದೆಯೂ ಹೊತ್ತು ಬರೆದಳು. "ಈಗ ನೀವು ನಂಗೆ ಹೇಳಿ, ನೋಡೋಣ," ಎಂದಳು. ಟೈಲರಣ್ಣ ಮೊದಲ ಸಲ ತಪ್ಪಿದ. ಎರಡನೆಯ ಸಲ ಒಂದೂ ತಪ್ಪದೆ ಒಪ್ಪಿಸಿದ.

ಎರಡು ವಾರ ಕಳೆಯುವಷ್ಟರಲ್ಲಿ ಡಯಾಲಿಸಿಸ್ ನಾಲ್ಕು ಗಂಟೆಯೂ ಪೂರ್ತಿ ನಡೆಯತೊಡಗಿತು. ಪಾದದ ಊತ ಇಳಿಯಿತು, ಮಿಷನ್ ಸದ್ದು ಬೀದಿಗೆ ಕೇಳಿತು. ಅದನ್ನು ಕೇಳಿ ಅವನಿಗಿಂತ ಅವನ ಹೆಂಡತಿಗೇ ಹೆಚ್ಚು ಹೆಮ್ಮೆ.

ತಿಂಗಳ ಕೊನೆಗೆ ಆಸ್ಪತ್ರೆಯವರು ಒಂದು ಹಾಳೆ ಕೊಟ್ಟರು. ಫಾರ್ಮಸಿಸ್ಟ್ ಕೊಟ್ಟ ಸಲಹೆ ತೃಪ್ತಿ ತಂದಿದೆಯೇ ಎಂದು ಅದರಲ್ಲಿ ಕೇಳಿತ್ತು. ಟೈಲರಣ್ಣ ಕನ್ನಡಕ ಏರಿಸಿಕೊಂಡು ಬರೆದ: "ಪೂರ್ತಿ ತೃಪ್ತಿ. ಆದರೆ ಕಾಲು ಊದಿದವರು ಕಿಟಕಿ ಮುಂದೆ ನಿಂತು ಕೇಳುವುದು ಕಷ್ಟ. ಒಂದು ಸ್ಟೂಲು ಹಾಕಿಸಿ."

ಮುಂದಿನ ವಾರ ಅಲ್ಲಿ ಸ್ಟೂಲು ಬಂತು. ಹೊಸಬರು ಯಾರೇ ಬರಲಿ, "ಕೂತ್ಕೊಳ್ಳಿ, ನಾನು ಹಾಕಿಸಿದ್ದು. ಗೊತ್ತಿಲ್ಲದ್ದನ್ನೆಲ್ಲ ಕೇಳಿ, ಈ ತಾಯಿ ಇರೋದೇ ಅದಕ್ಕೆ," ಎನ್ನುತ್ತಾನೆ ಟೈಲರಣ್ಣ, ಎದೆಯುಬ್ಬಿಸಿ.

ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ನೀವೋ ನಿಮ್ಮ ಮನೆಯವರೋ ಡಯಾಲಿಸಿಸ್‌ಗೆ ಹೋಗುತ್ತಿದ್ದರೆ ಮಾತ್ರೆಗಳನ್ನು ಶೀಟಿನ ಸಮೇತ ಫಾರ್ಮಸಿಸ್ಟ್ ಮುಂದಿಡಿ. ಯಾವುದು ಯಾತಕ್ಕೆ, ಊಟಕ್ಕೆ ಮೊದಲೋ ಊಟದ ಜೊತೆಗೋ, ಡಯಾಲಿಸಿಸ್ ದಿನ ಹೇಗೆ ಎಂದು ಕೇಳಿ. ಮಾತ್ರೆಯ ಬಣ್ಣ ಬದಲಾದರೆ ನುಂಗುವ ಮೊದಲು ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗುವ ಧೈರ್ಯ ನಿಮಗಿದೆ, ಇನ್ನು ಹತ್ತು ನಿಮಿಷ ಕೂತು ಕೇಳುವುದಕ್ಕೆ ಸಂಕೋಚವೇಕೆ?